ಬೆತ್ತದಕ್ಕನ ಬೆರಳಿಗೆ ಸಿಗದ ಪದ

ಬೆತ್ತದಕ್ಕ ಎಂಬ ಹೆಸರು ಕೇಳಿ ಆ ಬೀದಿಗೆ ಹೊಸದಾಗಿ ಬಂದ ಮಕ್ಕಳು ಮೊದಮೊದಲು ಹೆದರುತ್ತಿದ್ದರು. ಕೈಯಲ್ಲಿ ಬೆತ್ತ ಹಿಡಿದು ಬಾರಿಸುವ ಟೀಚರು ಇರಬೇಕು ಎಂದು ಅವರ ಊಹೆ. ನಾಲ್ಕು ದಿನ ಕಳೆದ ಮೇಲೆ ತಿಳಿಯುತ್ತಿತ್ತು, ಆಕೆ ಒಂದು ನೊಣಕ್ಕೂ ಹೊಡೆದವಳಲ್ಲ, ಬೆತ್ತದ ಕುರ್ಚಿ ಹೆಣೆಯುವವಳು. ಕೈಯಲ್ಲಿರುವ ಬಿಳಿ ಕೋಲು ದಾರಿ ತಡವಲಿಕ್ಕೆ ಮಾತ್ರ.

ನಡೆಯಲು ಕಲಿತ ಕಾಲಕ್ಕೇ ಬಂದ ಜ್ವರವೊಂದು ಅವಳ ಎರಡೂ ಕಣ್ಣನ್ನು ತೆಗೆದುಕೊಂಡು ಹೋಗಿತ್ತು. ಬೆಳಕು ಹೇಗಿತ್ತೆಂದು ಕೇಳಿದರೆ, "ಬೆಚ್ಚಗಿತ್ತು ಅನ್ನೋ ನೆನಪು" ಎನ್ನುತ್ತಿದ್ದಳು. ಅಂಧ ಮಕ್ಕಳ ಶಾಲೆಯಲ್ಲಿ ಅವಳಿಗೆ ಸಿಕ್ಕಿದ್ದು ಎರಡು ವಿದ್ಯೆ. ಒಂದು, ದಪ್ಪ ಹಾಳೆಯ ಮೇಲೆ ಉಬ್ಬಿನಿಂತ ಚುಕ್ಕೆಗಳನ್ನು ಬೆರಳಿನಿಂದ ಓದುವ ಬ್ರೈಲ್. ಇನ್ನೊಂದು, ಕುರ್ಚಿ ಹೆಣೆಯುವುದು. ಮೊದಲನೆಯದು ಹೊಟ್ಟೆ ತುಂಬಿಸಲಿಲ್ಲ, ಎರಡನೆಯದು ತುಂಬಿಸಿತು. ಆದರೆ ಮೊದಲನೆಯದು ಇಲ್ಲದಿದ್ದರೆ ತಾನು ಯಾವತ್ತೋ ಒಣಗಿಹೋಗುತ್ತಿದ್ದೆ ಎಂದು ಅವಳು ಬಲವಾಗಿ ನಂಬಿದ್ದಳು. ಬೆಳಗ್ಗೆ ಎದ್ದು ದೇವರನ್ನು ನೆನೆಯುವಾಗ ಬೇರೆಯವರು ಕೈ ಮುಗಿಯುತ್ತಾರೆ. ಅವಳು ಎಡಗೈಯ ತೋರುಬೆರಳನ್ನು ತುಟಿಗೆ ಒತ್ತಿಕೊಂಡು ಒಂದು ಗಳಿಗೆ ಕೂರುತ್ತಿದ್ದಳು. ಅದು ಅವಳ ಓದುವ ಬೆರಳು.

ಕೆಲಸ ಮಾಡುತ್ತಿದ್ದದ್ದು ಪೀಠೋಪಕರಣ ರಿಪೇರಿ ಅಂಗಡಿಯಲ್ಲಿ. ಮುಂದುಗಡೆ ಪಾಲಿಶ್ ವಾಸನೆ, ಮರದ ಹೊಟ್ಟು, ಗರಗಸದ ಗಲಾಟೆ. ಹಿಂದಿನ ಕೋಣೆಯಲ್ಲಿ ಒಂದು ತಗ್ಗು ಮಣೆ, ಪಕ್ಕದಲ್ಲಿ ನೀರು ತುಂಬಿದ ಟಬ್, ನೀರಲ್ಲಿ ನೆನೆಯುತ್ತಿರುವ ಬೆತ್ತದ ತೆಳು ಪಟ್ಟಿಗಳು. ಕುರ್ಚಿಯ ಚೌಕಟ್ಟಿನ ಸುತ್ತ ಕೊರೆದ ತೂತುಗಳಲ್ಲಿ ಮೊದಲು ನೇರವಾಗಿ, ಆಮೇಲೆ ಅಡ್ಡಡ್ಡ, ಆಮೇಲೆ ಓರೆಯಾಗಿ ಪಟ್ಟಿ ಎಳೆದು, ಸಣ್ಣ ಗೂಟ ಬಡಿದು ಬಿಗಿಮಾಡುತ್ತ ಹೋದರೆ, ಒದ್ದೆಯಾಗಿದ್ದದ್ದು ಒಣಗುತ್ತ ತಾನೇ ತಾನಾಗಿ ಬಿಗಿದುಕೊಳ್ಳುತ್ತದೆ. ಬೆರಳಿನಿಂದ ತಟ್ಟಿದರೆ ಚರ್ಮ ಬಿಗಿದ ವಾದ್ಯದ ಹಾಗೆ ಸದ್ದು ಬರಬೇಕು. ಬರದಿದ್ದರೆ ಬಿಚ್ಚಿ ಮತ್ತೆ ಹೆಣೆಯುವಳು, ಯಾರೂ ಹೇಳಬೇಕಾಗಿರಲಿಲ್ಲ.

ಈ ವಿದ್ಯೆ ಕಲಿಸಿದವನು ಶಾಲೆಯ ಕುರ್ಚಿ ತಾತ. ಅವನಿಗೂ ಕಣ್ಣಿರಲಿಲ್ಲ. ಅವಳು ಶಾಲೆ ಬಿಡುವ ದಿನ ಅವಳ ಕೈ ಹಿಡಿದು, ಬೆರಳುಗಳನ್ನೆಲ್ಲ ಒಂದೊಂದಾಗಿ ಸವರಿ ಹೇಳಿದ್ದ:

"ನೋಡು ಮಗಾ, ಬೆತ್ತ ಎಳೆದ ಬೆರಳು ಜಡ್ಡುಗಟ್ಟುತ್ತೆ. ಜಡ್ಡುಗಟ್ಟಿದ ಬೆರಳಿಗೆ ಚುಕ್ಕೆ ಕಾಣಲ್ಲ. ನಾನೂ ನಿನ್ನ ಹಾಗೇ ಓದ್ತಿದ್ದೆ. ನನಗೆ ಮೊದಲು ಹೋಗಿದ್ದು ಪದದ ಬಾಲ. ಪದ ಸಿಗೋದು, ಕೊನೇ ಅಕ್ಷರ ಸಿಗ್ತಿರಲಿಲ್ಲ. ಆಮೇಲೆ ಇಡೀ ಪದವೇ ಸಿಗದ ಹಾಗಾಯ್ತು. ಕೊನೆಗೆ ಹಾಳೆ ಅನ್ನೋದು ಬರೀ ಹಾಳೆ ಆಯ್ತು. ಒಂದು ಬೆರಳನ್ನಾದ್ರೂ ಜೋಪಾನ ಮಾಡ್ಕೋ."

ಅವತ್ತಿನಿಂದ ಅವಳು ಎಡಗೈಯ ತೋರುಬೆರಳಿಗೆ ಬಟ್ಟೆಯ ಟೊಪ್ಪಿ ಹಾಕಿಕೊಂಡೇ ಹೆಣೆಯುತ್ತಿದ್ದಳು. ಕುರ್ಚಿಯಡಿಯಲ್ಲಿ ಪಟ್ಟಿಯ ತುದಿಯನ್ನು ಹಿಡಿದು ಎಳೆಯುವುದು ಎಡಗೈಯೇ ಆದ್ದರಿಂದ ಟೊಪ್ಪಿಯಿಂದ ಕೆಲಸ ನಿಧಾನವಾಗುತ್ತಿತ್ತು. ಆದರೂ ತೆಗೆಯುತ್ತಿರಲಿಲ್ಲ. ಈಗ ಆ ಟೊಪ್ಪಿ ಹೊಲಿದುಕೊಡುವವಳು ತಮ್ಮನ ಹೆಂಡತಿ. ತಮ್ಮ ಬಸ್ ಡ್ರೈವರ್. ಅವನ ಹೆಂಡತಿಗೆ ಬೀದಿಯ ತುದಿಯ ಇಸ್ತ್ರಿ ಅಂಗಡಿಯಲ್ಲಿ ಕೆಲಸ. ಬಾಯಿ ಜೋರು, ಮನಸ್ಸು ಬೆಣ್ಣೆ. ಪ್ರತಿ ಸಲ ಹೊಸ ಟೊಪ್ಪಿ ಕೊಡುವಾಗ, "ತಗೊಳ್ಳಿ ಅತ್ತಿಗೆ, ನಿಮ್ಮ ರಾಣಿಗೆ ಹೊಸ ಕಿರೀಟ. ಉಳಿದ ಒಂಬತ್ತು ಬೆರಳಿಗೆ ಹೊಟ್ಟೆಕಿಚ್ಚು ಬರದೇ ಇದ್ರೆ ಸಾಕು" ಎನ್ನುತ್ತಿದ್ದಳು.

ವಾರಕ್ಕೊಮ್ಮೆ ರಜೆ. ರಜೆಯ ದಿನ ಬೆತ್ತದಕ್ಕ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಅಂಧರ ಲೈಬ್ರರಿಗೆ ಹೋಗುತ್ತಿದ್ದಳು. ಅದನ್ನು ನಡೆಸುತ್ತಿದ್ದ ಮುದುಕಿಯೂ ಅಂಧೆಯೇ. ಎಲ್ಲರೂ ಲೈಬ್ರರಿಯಮ್ಮ ಎನ್ನುತ್ತಿದ್ದರು. ಅಲ್ಲಿ ನಮ್ಮ ಮಾತಿನ ಬ್ರೈಲ್ ಪುಸ್ತಕಗಳು ಇದ್ದದ್ದು ಒಂದು ಚಿಕ್ಕ ಕಪಾಟು. ಬೆತ್ತದಕ್ಕ ಅಷ್ಟನ್ನೂ ಓದಿದಳು, ಮೊದಲಿನಿಂದ ಮತ್ತೆ ಓದಿದಳು. ಕೆಲವು ಪುಸ್ತಕಗಳಲ್ಲಿ ಬೆರಳು ಮುಟ್ಟುವ ಮೊದಲೇ ಮುಂದಿನ ಸಾಲು ಬಾಯಿಗೆ ಬರತೊಡಗಿತು. ಓದಲು ಇನ್ನು ಏನೂ ಉಳಿದಿಲ್ಲ ಎಂದು ತಿಳಿದ ದಿನ ಅವಳಿಗೆ ಊಟ ಸೇರಲಿಲ್ಲ.

"ಇಂಗ್ಲಿಷಿಗೆ ಇಳಿ" ಎಂದರು ಲೈಬ್ರರಿಯಮ್ಮ. "ಅಕ್ಷರ ಶಾಲೇಲಿ ಕಲ್ತಿದ್ದೀಯ. ನಾಲ್ಕು ಪದಾನೂ ಗೊತ್ತಿರುತ್ತೆ. ಉಳಿದದ್ದಕ್ಕೆ ಗೋಡೆ ಇದೆ."

ಗೋಡೆ ಎಂದರೆ ನಿಜವಾಗಿಯೂ ಗೋಡೆಯೇ. ಕಣ್ಣಿರುವವರು ಚೀಲದಲ್ಲಿ ಹಾಕಿಕೊಂಡು ಓಡಾಡುವ ನಿಘಂಟು ಬ್ರೈಲಿಗೆ ಬಂದರೆ ನೆಲದಿಂದ ಸೂರಿನವರೆಗೆ ಪೇರಿಸಿದ ದಪ್ಪ ದಪ್ಪ ಸಂಪುಟಗಳಾಗುತ್ತದೆ. ಇದು ಅಚ್ಚಾದದ್ದಲ್ಲ. ಲೈಬ್ರರಿಯಮ್ಮನ ಗಂಡನಿಗೆ ಕಣ್ಣಿತ್ತು. ಮದುವೆಯಾದ ಹೊಸದರಲ್ಲಿ ಆತ ಅಚ್ಚಿನ ನಿಘಂಟನ್ನು ಮುಂದಿಟ್ಟುಕೊಂಡು ಒಂದೊಂದು ಇಂಗ್ಲಿಷ್ ಪದವನ್ನೂ ನಮ್ಮ ಮಾತಿನ ಅರ್ಥದ ಸಮೇತ ಗಟ್ಟಿಯಾಗಿ ಓದುವುದು, ಈಕೆ ಮೊಂಡು ಮೊಳೆಯಂಥ ಕಡ್ಡಿಯಿಂದ ಹಾಳೆಯ ಮೇಲೆ ಒಂದೊಂದೇ ಚುಕ್ಕೆ ಚುಚ್ಚುವುದು. ಹಾಗೆ ಶುರುವಾದದ್ದು ಕೊನೆಯ ಸಂಪುಟಕ್ಕೆ ಬರುವ ಹೊತ್ತಿಗೆ ಇಬ್ಬರ ತಲೆಗೂದಲೂ ನೆರೆತಿತ್ತು. ಆತ ತೀರಿಹೋದ ಮೇಲೆ ಆ ಅಚ್ಚಿನ ಪುಸ್ತಕ ಬಟ್ಟೆಯಲ್ಲಿ ಸುತ್ತಿಕೊಂಡು ಲೈಬ್ರರಿಯಮ್ಮನ ಮೇಜಿನ ಮೇಲೇ ಇತ್ತು.

ಬೆತ್ತದಕ್ಕ ಮೊದಲ ಸಲ ಆ ಗೋಡೆಯ ಮುಂದೆ ನಿಂತಾಗ ಕೈ ಚಾಚಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರುತ್ತ ನಡೆದಳು. ಒಂದು ಭಾಷೆ ಇಷ್ಟು ಉದ್ದ ಇರುತ್ತದೆ, ಇಷ್ಟು ಎತ್ತರ ಇರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಣ್ಣಿದ್ದವರಿಗೆ ಇದು ತಿಳಿಯುವುದೇ ಇಲ್ಲವಲ್ಲ ಎಂದುಕೊಂಡಳು. ಪಾಪ, ಅವರಿಗೆ ಎಲ್ಲವೂ ಅಂಗೈಯಗಲದಲ್ಲಿ ಸಿಕ್ಕಿಬಿಡುತ್ತದೆ. ಇಲ್ಲಿ ಒಂದು ಪದ ಬೇಕೆಂದರೆ ಎದ್ದು ನಡೆಯಬೇಕು, ಏಣಿ ಹತ್ತಬೇಕು, ಎದೆಗವಚಿಕೊಂಡು ಇಳಿಸಬೇಕು. ಪದಕ್ಕೊಂದು ತೂಕವಿತ್ತು.

ಆ ಗೋಡೆಯ ಗುಟ್ಟುಗಳೂ ಅವಳಿಗೆ ಒಂದೊಂದಾಗಿ ತಿಳಿದವು. ಬ್ರೈಲ್ ಚುಕ್ಕೆ ಶಾಶ್ವತವಲ್ಲ. ಓದಿದಷ್ಟೂ ಸವೆಯುತ್ತದೆ. ಹೆಚ್ಚು ಜನ ಹುಡುಕಿದ ಪದ ಹೆಚ್ಚು ಬೇಗ ಅಳಿಯುತ್ತದೆ. ಒಂದು ಸಂಪುಟದ ಒಂದು ಹಾಳೆಯಂತೂ ಒಂದು ಕಡೆ ಕನ್ನಡಿಯ ಹಾಗೆ ನುಣ್ಣಗಾಗಿತ್ತು.

"ಇಲ್ಲಿ ಏನಿತ್ತಮ್ಮಾ?" ಎಂದು ಕೇಳಿದಳು.

"ಲವ್" ಎಂದರು ಲೈಬ್ರರಿಯಮ್ಮ, ನಗುತ್ತ. "ಎಲ್ಲಾ ಹುಡುಗ ಹುಡುಗೀರೂ ಮೊದಲು ಹುಡುಕೋದು ಅದನ್ನೇ. ಎರಡು ಸಲ ಹೊಸದಾಗಿ ಚುಚ್ಚಿ ಅಂಟಿಸಿದೆ. ಮತ್ತೆ ಸವೆಸಿಬಿಟ್ರು. ಇನ್ನು ಅರ್ಥ ಬೇಕಾದ್ರೆ ಅವರೇ ಹುಡುಕ್ಕೊಳ್ಳಲಿ ಅಂತ ಬಿಟ್ಟುಬಿಟ್ಟೆ."

ಬೆತ್ತದಕ್ಕ ಆರಿಸಿಕೊಂಡದ್ದು ಒಂದು ದೋಣಿಯವಳ ಕತೆ. ಯಾವುದೋ ಚಳಿಯ ದೇಶ. ನದಿಯ ದಡದಲ್ಲಿ ಒಬ್ಬಳೇ ಇರುವ ಹೆಂಗಸು, ಜನರನ್ನು ಆಚೆ ದಡಕ್ಕೆ ದಾಟಿಸುವುದು ಅವಳ ಕಸುಬು. ಬೆತ್ತದಕ್ಕ ವಾರಕ್ಕೆ ಒಂದೆರಡು ಪುಟ ಬಿಡಿಸುತ್ತ, ಬಿಡಿಸಿದ್ದನ್ನು ಮನೆಗೆ ಬಂದು ಹೇಳುತ್ತಿದ್ದಳು. ಊಟಕ್ಕೆ ಕೂತಾಗ ತಮ್ಮ, "ಅಕ್ಕಾ, ದೋಣಿಯವಳು ಎಲ್ಲಿಗೆ ಬಂದಳು?" ಎಂದು ಕೇಳದೆ ತುತ್ತು ಎತ್ತುತ್ತಿರಲಿಲ್ಲ.

ಮೊದಮೊದಲು ಎಲ್ಲ ಸರಿಯಿತ್ತು. 'ವೆಂಟ್' ಎಂದು ಹುಡುಕಿದಳು, ಗೋಡೆಯಲ್ಲಿತ್ತು. 'ಸಾ' ಎಂದು ಹುಡುಕಿದಳು, ಇತ್ತು. ಹೋದಳು, ಕಂಡಳು. ಪ್ರತಿ ಪದ ಸಿಕ್ಕಿದಾಗಲೂ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಎಲ್ಲೋ ಹುಟ್ಟಿದ, ಹೆಸರೂ ಗೊತ್ತಿಲ್ಲದ ಹೆಂಗಸೊಬ್ಬಳು ಇಲ್ಲಿ ತನ್ನ ಬೆರಳಿನ ಅಡಿಯಲ್ಲಿ ನಡೆದಾಡುತ್ತಿದ್ದಾಳೆ. ಇದಕ್ಕಿಂತ ದೊಡ್ಡ ಪವಾಡ ಯಾವುದಿದೆ?

ಆಮೇಲೆ 'ಲಿಂಗರ್ಡ್' ಬಂತು. ದೋಣಿಯವಳು ಸಂಜೆ ಬಾಗಿಲಲ್ಲಿ ಏನೋ ಮಾಡಿದಳು. ಬೆತ್ತದಕ್ಕ ಸಂಪುಟ ಇಳಿಸಿ ಬೆರಳಾಡಿಸಿದಳು. ಪದ ಸಿಕ್ಕಿತು, ಆದರೆ ಕೊನೆಯ ಎರಡು ಅಕ್ಷರ ಇರಲಿಲ್ಲ. ಅರ್ಥವೇನೋ ಇತ್ತು, ಹೋಗದೆ ತಡೆದು ನಿಲ್ಲು. ಕತೆಗೆ ಅದು ಹೊಂದುತ್ತಲೂ ಇತ್ತು. ಯಾರದೋ ಬೆರಳು ಕೊನೆಯನ್ನು ಸವೆಸಿರಬೇಕು ಎಂದುಕೊಂಡು ಮುಂದೆ ಹೋದಳು. ಮುಂದೆ 'ಕಿಂಡಲ್ಡ್'. ದೋಣಿಯವಳು ಕತ್ತಲಾಗುವ ಮೊದಲು ದೀಪಕ್ಕೆ ಏನೋ ಮಾಡಿದಳು. ಗೋಡೆಯಲ್ಲಿ ಹುಡುಕಿದರೆ ಪದ ಇದೆ, ಕೊನೆಯ 'ಡಿ' ಇಲ್ಲ. ಹೊತ್ತಿಸು ಎಂಬ ಅರ್ಥ ಇದೆ. ಬಾಲ ಮಾತ್ರ ಇಲ್ಲ.

ಬಾಲ! ಕುರ್ಚಿ ತಾತನ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ನನಗೆ ಮೊದಲು ಹೋಗಿದ್ದು ಪದದ ಬಾಲ.

ಬೆತ್ತದಕ್ಕ ಎರಡೂ ಪುಸ್ತಕದ ಮೇಲೆ ಮತ್ತೆ ಬೆರಳಾಡಿಸಿದಳು. ಕತೆಯ ಪುಸ್ತಕ ಯಂತ್ರದಲ್ಲಿ ಒತ್ತಿದ್ದು, ಹೊಸದು, ಅದರ ಚುಕ್ಕೆ ಗಟ್ಟಿ. ಗೋಡೆಯದು ಕೈಯಲ್ಲಿ ಚುಚ್ಚಿದ್ದು, ಹಳೆಯದು, ಚುಕ್ಕೆ ಮೆತ್ತಗೆ. ಗಟ್ಟಿ ಚುಕ್ಕೆ ಬೆರಳಿಗೆ ಇನ್ನೂ ತಗಲುತ್ತಿದೆ, ಮೆತ್ತಗಿನದು ತಗಲುತ್ತಿಲ್ಲ. ಲೆಕ್ಕ ಸರಿಯಾಗಿತ್ತು. ಸರಿಯಾಗಿದ್ದದ್ದೇ ಅವಳ ಜೀವ ಹಿಂಡಿತು.

ಅವಳು ಯಾರಿಗೂ ಹೇಳಲಿಲ್ಲ. ಬೇರೆ ಬೇರೆ ಪದಗಳನ್ನು ಹುಡುಕಿ ನೋಡಿದಳು. ದೋಣಿಯವಳು ಮಾಡಿದ ಅರ್ಧಕ್ಕರ್ಧ ಕೆಲಸಗಳಿಗೆ ಗೋಡೆಯಲ್ಲಿ ಬಾಲವಿರಲಿಲ್ಲ. ಅದೇ ವಾರ ಅಂಗಡಿಯ ಯಜಮಾನ, "ಬೆತ್ತದಕ್ಕಾ, ಈ ಕುರ್ಚೀಲಿ ಒಂದು ತೂತು ಬಿಟ್ಟುಹೋಗಿದೆಯಲ್ಲ. ಯಾವತ್ತೂ ಇಲ್ಲದ್ದು. ಮೈ ಹುಷಾರಿದೆ ತಾನೇ?" ಎಂದು ಮೆಲ್ಲಗೆ ಕೇಳಿದ. ಬೈದಿದ್ದರೆ ವಾಸಿಯಿತ್ತು. ಅವಳು ಬಿಚ್ಚಿ ಹೆಣೆದುಕೊಟ್ಟಳು. ಟೊಪ್ಪಿಯ ಒಳಗೆ ಬೆರಳು ಬೆವರುತ್ತಿತ್ತು.

ಅಷ್ಟರಲ್ಲಿ ಕತೆ ಕುದಿಯುವ ಹಂತಕ್ಕೆ ಬಂದಿತ್ತು. ದೋಣಿಯವಳ ಅಪ್ಪನನ್ನು ನದಿಯ ನಡುವೆ ಮುಳುಗಿಸಿದ್ದವನು ಒಬ್ಬನಿದ್ದ. ವರ್ಷಗಳ ಮೇಲೆ ಅವನೇ ಒಂದು ಸಂಜೆ, ಮುದುಕನಾಗಿ, ಚಳಿಗೆ ನಡುಗುತ್ತ, ದಾಟಿಸು ಎಂದು ಬಂದು ನಿಲ್ಲುತ್ತಾನೆ. ಅವಳು ದೀಪ ಎತ್ತಿ ಅವನ ಮುಖ ನೋಡುತ್ತಾಳೆ. ಗುರುತು ಹಿಡಿಯುತ್ತಾಳೆ. ಆಮೇಲೆ ಒಂದು ಚಿಕ್ಕ ವಾಕ್ಯ. ಅವಳು ಅವನನ್ನು 'ಪಿಟೀಡ್'.

ಏನು ಮಾಡಿದಳು? ಆ ಪದವಿರಬೇಕಾದ ನಿಘಂಟಿನ ಸಂಪುಟವನ್ನು ಮನೆಗೇ ತಂದಿದ್ದಳು. ಬೆಳಕಿದ್ದರೂ ಇಲ್ಲದಿದ್ದರೂ ಅವಳಿಗೆ ಒಂದೇ ಆದರೂ, ಕಿಟಕಿಯ ಬಳಿ ಬಿಸಿಲು ಬೀಳುವ ಕಡೆ ಕೂತು, ಕೈ ತೊಳೆದು ಒರೆಸಿ, ದೇವರನ್ನು ನೆನೆದು ಬೆರಳಿಟ್ಟಳು. ಆ ಪದ ಎಲ್ಲಿರಬೇಕಿತ್ತೋ ಅಲ್ಲಿ ಇರಲಿಲ್ಲ. ಅದರ ಹಿಂದೆ ಇರಬೇಕಾದ ಪದವಿತ್ತು, ಮುಂದೆ ಬರಬೇಕಾದ ಪದವಿತ್ತು, ನಡುವೆ ಏನೂ ಇರಲಿಲ್ಲ. ಬಾಲವೊಂದೇ ಅಲ್ಲ, ತಲೆಯೂ ಇಲ್ಲ, ಮೈಯೂ ಇಲ್ಲ.

ಆಮೇಲೆ ಇಡೀ ಪದವೇ ಸಿಗದ ಹಾಗಾಯ್ತು. ತಾತ ಹೇಳಿದ ಕ್ರಮದಲ್ಲೇ ಬರುತ್ತಿದೆ.

ಅವಳು ಸಂಪುಟ ಮುಚ್ಚಿದಳು. ಅಳಲಿಲ್ಲ. ಒಮ್ಮೆ ಕಣ್ಣು ಕೊಟ್ಟು ತೆಗೆದುಕೊಂಡವನು ಈಗ ಬೆರಳನ್ನೂ ಕೇಳುತ್ತಿದ್ದಾನೆ, ಕೊಟ್ಟವನದ್ದೇ ತಾನೇ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡರೂ ಎದೆ ಒಪ್ಪಲಿಲ್ಲ.

ಊಟಕ್ಕೆ ಕೂತಾಗ ತಮ್ಮ ಎಂದಿನಂತೆ ಕೇಳಿದ. "ಅಕ್ಕಾ, ಆ ಪಾಪಿ ಬಂದು ನಿಂತಿದ್ದನಲ್ಲ, ಏನು ಮಾಡಿದಳು?"

"ಗೊತ್ತಾಗಲಿಲ್ಲ ಕಣೋ."

"ನದಿಗೆ ತಳ್ಳಿರ್ತಾಳೆ ಬಿಡಿ" ಎಂದಳು ನಾದಿನಿ, ಸಾರು ಬಡಿಸುತ್ತ. "ನಾನಾಗಿದ್ರೆ ಇಸ್ತ್ರಿ ಪೆಟ್ಟಿಗೆ ತಗೊಂಡು ಬೆನ್ನಿಗೆ ಇಟ್ಟು, ಆಮೇಲೆ ತಳ್ತಿದ್ದೆ."

"ನಿನ್ನ ದೋಣಿಗೆ ಯಾರೂ ಹತ್ತಲ್ಲ" ಎಂದ ತಮ್ಮ.

ಬೆತ್ತದಕ್ಕ ನಗಲಿಲ್ಲ. ನಾದಿನಿ ಸೌಟು ಹಿಡಿದವಳು ಹಾಗೇ ನಿಂತಳು. ಕೈ ತೊಳೆಯುವಾಗ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅತ್ತಿಗೆ, ಎರಡು ವಾರದಿಂದ ನೋಡ್ತಿದ್ದೀನಿ. ಟೊಪ್ಪಿ ಮನೇಲೂ ತೆಗೀತಿಲ್ಲ ನೀವು. ಬೆರಳಿಗೆ ಏನಾಯ್ತು?"

"ಏನಿಲ್ಲ. ನಾಳೆ ರಜ. ಆ ಪುಸ್ತಕ ಲೈಬ್ರರಿಗೆ ವಾಪಸ್ ಕೊಡಬೇಕು. ಭಾರ ಇದೆ. ಜೊತೆಗೆ ಬರ್ತೀಯಾ?"

"ಬದಲಿಗೆ ಯಾವುದು ತರೋದು?"

"ಯಾವುದೂ ಇಲ್ಲ."

ಮರುದಿನ ನಾದಿನಿ ಸಂಪುಟವನ್ನು ಚೀಲದಲ್ಲಿ ಹಾಕಿ ಹೆಗಲಿಗೇರಿಸಿಕೊಂಡಳು. ಔಷಧಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತುವಾಗ, "ಒಂದು ಪದ ಹುಡುಕೋಕೆ ಇಷ್ಟು ಹೊರಬೇಕಾ? ಇಡೀ ಮದುವೆ ಮನೆಯ ಸೀರೆ ಗಂಟು ಹೊತ್ತ ಹಾಗಿದೆ" ಎಂದು ಏದುಸಿರು ಬಿಟ್ಟಳು.

"ಕೋಲಿನ ಸದ್ದು ಬೆತ್ತದಕ್ಕಂದು. ಇನ್ನೊಂದು ಉಸಿರು ಯಾರದು?" ಎಂದರು ಲೈಬ್ರರಿಯಮ್ಮ ಒಳಗಿನಿಂದ.

"ನಾನು ಅವರ ನಾದಿನಿ ಅಮ್ಮಾ. ಪುಸ್ತಕದ ಕೂಲಿ."

ಬೆತ್ತದಕ್ಕ ಕೂತು, ಕೋಲು ಮಡಚಿ ಮಡಿಲಲ್ಲಿಟ್ಟುಕೊಂಡಳು. "ಇದನ್ನ ವಾಪಸ್ ತಗೊಳ್ಳಿ ಅಮ್ಮಾ. ದೋಣಿಯವಳ ಪುಸ್ತಕಾನೂ ತಂದಿದ್ದೀನಿ. ಇನ್ನು ಸಾಕು."

"ಕತೆ ಮುಗೀತಾ?"

"ಬೆರಳು ಮುಗೀತು."

ಆಮೇಲೆ ಬೆತ್ತದಕ್ಕ ಎಲ್ಲವನ್ನೂ ಹೇಳಿದಳು. ತಾತನ ಮಾತು, ಬಾಲವಿಲ್ಲದ ಪದಗಳು, ಕುರ್ಚಿಯಲ್ಲಿ ಬಿಟ್ಟುಹೋದ ತೂತು, ಕೊನೆಗೆ ಪೂರ್ತಿ ಮಾಯವಾದ ಪದ.

ನಾದಿನಿಗೆ ತಡೆಯಲಾಗಲಿಲ್ಲ. "ಸುಮ್ನಿರಿ ಅತ್ತಿಗೆ! ಮೊನ್ನೆ ಅಕ್ಕಿಯಲ್ಲಿ ಸಾಸಿವೆ ಕಾಳಿನಷ್ಟು ಕಲ್ಲು ಹುಡುಕಿ ತೆಗೆದಿರಿ, ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನಿಮ್ಮ ಬೆರಳು ಹೋಗಿದ್ಯಾ? ಪುಸ್ತಕವೇ ಹಾಳಾಗಿದೆ. ಅಮ್ಮಾ, ತಪ್ಪು ತಿಳೀಬೇಡಿ, ನಿಮ್ಮ ಗೋಡೆ ಸವೆದುಹೋಗಿದೆ."

ಲೈಬ್ರರಿಯಮ್ಮನಿಗೆ ಬೇಜಾರಾಗಲಿಲ್ಲ. ಅವರ ತುಟಿಯಲ್ಲಿ ನಗು ಮೂಡಿತ್ತು, ಆದರೆ ಅದು ಕಾಣುವುದು ನಾದಿನಿಗೆ ಮಾತ್ರ. "ನಿನಗೆ ಇಂಗ್ಲಿಷ್ ಓದೋಕೆ ಬರುತ್ತಾ?" ಎಂದು ಕೇಳಿದರು.

"ಅಕ್ಷರ ಬರುತ್ತೆ, ಅರ್ಥ ಬರಲ್ಲ. ಅಂಗಿ ಕಾಲರಿನ ಒಳಗೆ ಬರೆದಿರೋ ಹೆಸರು ಓದಿ ಓದಿ ಅಷ್ಟು ಕಲ್ತಿದ್ದೀನಿ."

"ಅಷ್ಟು ಸಾಕು. ಮೇಜಿನ ಮೇಲೆ ಬಟ್ಟೆ ಸುತ್ತಿದ ಪುಸ್ತಕ ಇದೆ. ನಮ್ಮ ಯಜಮಾನರದ್ದು. ಈ ಗೋಡೆ ಎಲ್ಲಾ ಅದರಿಂದಲೇ ಬಂದದ್ದು. ಬಿಚ್ಚು. ನಿಮ್ಮತ್ತಿಗೆ ಹೇಳೋ ಪದ ಹುಡುಕು. ನಿನ್ನ ಕಣ್ಣಿಂದ."

ನಾದಿನಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಟ್ಟೆ ಬಿಚ್ಚಿದಳು. ಹಳೇ ಕಾಗದದ ವಾಸನೆ ಎದ್ದಿತು. ಬೆತ್ತದಕ್ಕ ಮೊದಲು 'ಕಿಂಡಲ್ಡ್' ಪದದ ಅಕ್ಷರ ಒಂದೊಂದಾಗಿ ಹೇಳಿದಳು. ನಾದಿನಿ ಹಾಳೆ ಮಗುಚುತ್ತ, ಬೆರಳಿಟ್ಟು ಇಳಿಯುತ್ತ, ಗಟ್ಟಿಯಾಗಿ ಓದತೊಡಗಿದಳು.

"ಕೆ... ಐ... ಎನ್... ಡಿ... ಎಲ್... ಇ..." ನಿಂತಳು.

"ಆಮೇಲೆ?" ಎಂದಳು ಬೆತ್ತದಕ್ಕ.

"ಆಮೇಲೆ ಏನಿಲ್ಲ."

"ಸರಿಯಾಗಿ ನೋಡು. ಕೊನೇಲಿ ಇನ್ನೊಂದು ಡಿ ಇರಬೇಕು."

"ಅಯ್ಯೋ, ಮೂಗು ತಾಗಿಸಿ ನೋಡ್ತಿದ್ದೀನಿ ಅತ್ತಿಗೆ! ಇಲ್ಲ! ಇ ಆದಮೇಲೆ ಬರೀ ಬಿಳಿ. ಕೆಳಗಿನ ಸಾಲಲ್ಲಿ ಬೇರೆ ಏನೋ ಶುರುವಾಗಿದೆ." ನಾದಿನಿ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇದೇನಿದು, ಅಚ್ಚಿನ ಪುಸ್ತಕದ್ದೂ ಬಾಲ ಸವೆದುಹೋಗಿದ್ಯಾ? ನನ್ನ ಎರಡು ಕಣ್ಣೂ ನೆಟ್ಟಗಿವೆ. ನನಗೂ ಸಿಗ್ತಿಲ್ಲ!"

ನನಗೂ ಸಿಗ್ತಿಲ್ಲ. ಬೆತ್ತದಕ್ಕ ಅಷ್ಟು ವರ್ಷದ ಬದುಕಿನಲ್ಲಿ ಕೇಳಿದ ಮಾತುಗಳಲ್ಲಿ ಅಷ್ಟು ಸಿಹಿಯಾದದ್ದು ಇನ್ನೊಂದಿರಲಿಲ್ಲ. ಮಡಿಲಿನ ಕೋಲು ಜಾರಿ ನೆಲಕ್ಕೆ ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ.

"ನಾನೇ ಹೇಳಬಹುದಿತ್ತು" ಎಂದರು ಲೈಬ್ರರಿಯಮ್ಮ. "ಆದ್ರೆ ಬರೀ ಸಮಾಧಾನಕ್ಕೆ ಹೇಳ್ತಿದ್ದಾರೆ ಅಂದುಕೊಳ್ತಿದ್ದೆ ನೀನು. ಕಣ್ಣಿರೋರ ಬಾಯಿಂದಲೇ ಬರಲಿ ಅಂತ ಸುಮ್ಮನಿದ್ದೆ. ಬಾಲ ಸವೆದಿಲ್ಲ. ಅದು ಅಲ್ಲಿ ಇರಲೇ ಇಲ್ಲ."

"ಯಾಕಿಲ್ಲ?"

"ನಮ್ಮ ಮಾತಿನ ನಿಘಂಟಲ್ಲಿ 'ನಡೆದಳು' ಅಂತ ಹುಡುಕಿದ್ರೆ ಸಿಗುತ್ತಾ? 'ನಡೆ' ಅಂತ ಇರುತ್ತೆ. ನಡೆದಳು, ನಡೆದನು, ನಡೆದರು, ಎಲ್ಲಾ ಅದರ ಹೊಟ್ಟೆಯೊಳಗೇ. ನೀನು ನಮ್ಮ ಮಾತಿಗೆ ನಿಘಂಟು ಮುಟ್ಟಿದವಳಲ್ಲ, ನಿನಗೆ ಹೇಗೆ ಗೊತ್ತಾಗಬೇಕು? ಇಂಗ್ಲಿಷಲ್ಲೂ ಹಾಗೇ. ಸಾಧು ಪದಗಳು ಆಗಿಹೋದ ಕೆಲಸ ಹೇಳೋಕೆ ಒಂದು ಬಾಲ ಹಚ್ಚಿಕೊಂಡು ಹೊರಗೆ ಹೋಗ್ತವೆ, ಮನೆಗೆ ಬಂದಾಗ ಬಿಚ್ಚಿಡ್ತವೆ. ನಿಘಂಟು ಅಂದ್ರೆ ಅವುಗಳ ಮನೆ. ಹಠಮಾರಿ ಪದ ಕೆಲವಿವೆ, ವೆಂಟ್, ಸಾ ಅಂತ. ಗುರುತೇ ಸಿಗದ ಹಾಗೆ ವೇಷ ಬದಲಿಸ್ತವೆ. ಅವಕ್ಕೆ ಮಾತ್ರ ಬೇರೆ ಕೋಣೆ."

"ಅಂದ್ರೆ ಈ ಗೋಡೇಲಿ..." ಬೆತ್ತದಕ್ಕ ಗೋಡೆಯ ಕಡೆ ತಿರುಗಿದಳು. "ಈ ಗೋಡೇಲಿ ಏನೂ ಆಗಿಹೋಗಿಲ್ಲವಾ?"

ಲೈಬ್ರರಿಯಮ್ಮ ಬಿಚ್ಚಿದ ಬಟ್ಟೆಯನ್ನು ಮಡಚಿಟ್ಟರು. "ನಾನೂ ನಮ್ಮ ಯಜಮಾನರನ್ನ ಇದನ್ನೇ ಕೇಳಿದ್ದೆ. ಇಷ್ಟು ಓದ್ತಿದ್ದೀರಲ್ಲ, ಮುಗಿದದ್ದೆಲ್ಲ ಎಲ್ಲಿದೆ ಅಂತ. ಅವರು ನಕ್ಕು, ನೀನು ಚುಚ್ಚು, ಹೊತ್ತಾಯ್ತು ಅಂದ್ರು."

ಬೆತ್ತದಕ್ಕ ಎದ್ದು ಗೋಡೆಯ ಬಳಿ ಹೋದಳು. ಮೊದಲ ದಿನದ ಹಾಗೆ ಕೈ ಚಾಚಿ ಸವರಿದಳು. ದೀಪ ಹೊತ್ತಿಸುವುದು, ತಡೆದು ನಿಲ್ಲುವುದು, ಹೊರುವುದು, ತೊಳೆಯುವುದು, ಹೆಣೆಯುವುದು. ಲೋಕದಲ್ಲಿ ಯಾರು ಯಾವಾಗ ಏನೇ ಮಾಡಿದ್ದರೂ ಅದೆಲ್ಲ ಇಲ್ಲಿ ಇನ್ನೂ ಮಾಡದ ಕೆಲಸದ ಹಾಗೆ, ನೀರಲ್ಲಿ ನೆನೆಯುತ್ತಿರುವ ಬೆತ್ತದ ಹಾಗೆ, ಸುಮ್ಮನೆ ಕಾಯುತ್ತ ಕೂತಿತ್ತು. ಕೈಗೆತ್ತಿಕೊಂಡವರು ಕುರ್ಚಿ ಮಾಡಬೇಕು. ಎಲ್ಲವನ್ನೂ ಬಲ್ಲವನು ಒಬ್ಬನಿದ್ದಾನಲ್ಲ, ಅವನ ಮನೆಯೂ ಹೀಗೇ ಇದ್ದೀತು ಎಂದು ಅವಳಿಗೆ ಅನ್ನಿಸಿತು. ಅಲ್ಲಿ ನಿನ್ನೆ ಎಂಬುದೇ ಇರಲಾರದು. ಅವಳ ಕಣ್ಣು, ತಾತನ ಬೆರಳು, ಲೈಬ್ರರಿಯಮ್ಮನ ಗಂಡನ ದನಿ, ಯಾವುದೂ ಹೋದದ್ದಾಗಿರಲಾರದು.

"ಅತ್ತಿಗೆ, ಗೋಡೆ ಆಮೇಲೆ ತಬ್ಬಿಕೊಳ್ಳಿ" ಎಂದಳು ನಾದಿನಿ. "ಮೊದಲು ಆ ಪಾಪಿಗೆ ಏನು ಮಾಡಿದಳು ನೋಡೋಣ. ನಿಮ್ಮ ತಮ್ಮ ಬಸ್ಸು ಓಡಿಸ್ತಾ ಅದನ್ನೇ ಯೋಚನೆ ಮಾಡ್ತಿರ್ತಾರೆ. ಜನರ ಜೀವದ ಪ್ರಶ್ನೆ."

ನಾದಿನಿ ಅಚ್ಚಿನ ಪುಸ್ತಕದಲ್ಲಿ ಹುಡುಕಿದಳು. 'ಪಿಟೀಡ್' ಎಂಬ ಪದ ಅಲ್ಲೂ ಇರಲಿಲ್ಲ. "ಬಾಲ ಹಚ್ಚಿಕೊಳ್ಳುವಾಗ ಕೆಲವು ಪದ ಸೊಂಟದ ಹತ್ತಿರ ಒಂಚೂರು ಬಗ್ಗುತ್ತವೆ, ವೈ ಹೋಗಿ ಐ ಆಗುತ್ತೆ. ಕೊನೇಲಿ ವೈ ಇರೋದನ್ನ ನೋಡು, ಇನ್ನೂ ಕೆಳಗೆ" ಎಂದರು ಲೈಬ್ರರಿಯಮ್ಮ.

"ಪಿ, ಐ, ಟಿ, ವೈ. ಹಾಂ, ಇದೆ! ಅರ್ಥ..."

"ಓದಬೇಡ!" ಲೈಬ್ರರಿಯಮ್ಮ ಕೈ ಎತ್ತಿದರು. "ಅದನ್ನ ಅವಳೇ ಓದಲಿ."

ನಾದಿನಿ ಚೀಲದಿಂದ ಸಂಪುಟ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟಳು. ಬೆತ್ತದಕ್ಕ ಟೊಪ್ಪಿ ತೆಗೆದಳು. ಬೆರಳನ್ನು ಒಮ್ಮೆ ತುಟಿಗೆ ಒತ್ತಿಕೊಂಡಳು. ನಿನ್ನೆ ತಾನು ನಿಲ್ಲಿಸಿದ್ದ ಜಾಗ ದಾಟಿ, ಇನ್ನೂ ಕೆಳಗೆ, ಯಾವತ್ತೂ ಹೋಗಿರದ ಸಾಲಿಗೆ ಇಳಿದಳು.

ಬೆರಳಿಗೆ ಚುಚ್ಚಿತು. ಸಣ್ಣ ಮುಳ್ಳು ತಗಲಿದ ಹಾಗೆ. ಅವಳು ಕೈ ಹಿಂದೆ ತೆಗೆದು, ಮತ್ತೆ ಇಟ್ಟಳು. ಅಷ್ಟು ಚೂಪಾದ ಚುಕ್ಕೆಗಳನ್ನು ಆ ಗೋಡೆಯಲ್ಲಿ ಅವಳು ಎಲ್ಲೂ ಮುಟ್ಟಿರಲಿಲ್ಲ.

"ಅಮ್ಮಾ, ಇದು ಹೊಸದಾಗಿ ಚುಚ್ಚಿದ್ದಾ?"

ಲೈಬ್ರರಿಯಮ್ಮ ಬಂದು ಪಕ್ಕದಲ್ಲಿ ನಿಂತು ತಮ್ಮ ಬೆರಳನ್ನೂ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. "ಇಲ್ಲ" ಎಂದರು. "ಅವತ್ತು ಅವರು ಓದಿದಾಗ ಚುಚ್ಚಿದ್ದು. ಆಮೇಲೆ ಇದನ್ನ ಯಾರೂ ಹುಡುಕಿಲ್ಲ. ನೀನೇ ಮೊದಲು."

ಬೆತ್ತದಕ್ಕ ಒಂದೊಂದೇ ಚುಕ್ಕೆಯ ಮೇಲೆ ಬೆರಳೂರಿ ಓದಿದಳು. ಕನಿಕರಪಡು. ಮರುಗು.

"ಕನಿಕರಪಟ್ಟಳು" ಎಂದಳು. "ಅವನ ಮುಖ ನೋಡಿದಳು. ನೋಡಿ ಕನಿಕರಪಟ್ಟಳು."

"ಅಷ್ಟೇನಾ?" ನಾದಿನಿಯ ಬಾಯಿಂದ ಹೊರಟೇಹೋಯಿತು. "ತಳ್ಳಲೇ ಇಲ್ವಾ?" ಆಮೇಲೆ ತಾನೇ ಮೆಲ್ಲಗೆ, "ಅಪ್ಪನ್ನ ಮುಳುಗಿಸಿದವನನ್ನ..." ಎಂದು ಸೆರಗಿನಿಂದ ಕಣ್ಣೊತ್ತಿಕೊಂಡಳು.

ಹೊರಡುವ ಮೊದಲು ಲೈಬ್ರರಿಯಮ್ಮ ಬೆತ್ತದಕ್ಕನ ಎಡಗೈಯನ್ನು ಹಿಡಿದು ಬೆರಳ ತುದಿಯನ್ನು ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿದರು. "ಸುಳ್ಳು ಹೇಳಲ್ಲ. ಸ್ವಲ್ಪ ಗಟ್ಟಿಯಾಗಿದೆ. ನಿಮ್ಮ ತಾತ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದ್ರೆ ಆ ದಿನ ಇದಲ್ಲ. ಅಷ್ಟರೊಳಗೆ ಪಕ್ಕದ ಬೆರಳಿಗೂ ಓದು ಕಲಿಸು."

"ಮತ್ತೆ ಆ ಕುರ್ಚಿಯ ತೂತು?" ಎಂದು ನಾದಿನಿ ಕೇಳಿದಳು.

"ಆ ದಿನ ನನ್ನ ಜೀವವೆಲ್ಲ ದೋಣಿಯಲ್ಲಿತ್ತು" ಎಂದಳು ಬೆತ್ತದಕ್ಕ.

ದೋಣಿಯವಳ ಪುಸ್ತಕ ಮತ್ತೆ ಚೀಲ ಸೇರಿತು. ಜೊತೆಗೆ ಇನ್ನೂ ದಪ್ಪದೊಂದು ಸಂಪುಟ. ನಾದಿನಿ ಗೊಣಗುತ್ತಲೇ ಹೆಗಲಿಗೇರಿಸಿಕೊಂಡಳು. "ಇನ್ನೊಂದು ಟೊಪ್ಪಿ ಹೊಲೀಬೇಕು ಅನ್ನಿ. ಮನೇಲಿ ಇಬ್ಬರು ರಾಣಿಯರು. ಜಗಳ ಆಡದೇ ಇದ್ರೆ ಸಾಕು."

ಮೆಟ್ಟಿಲು ಇಳಿಯುವಾಗ ಬೆತ್ತದಕ್ಕ ಟೊಪ್ಪಿ ಹಾಕಿಕೊಳ್ಳಲಿಲ್ಲ. ಬಲಗೈಯಲ್ಲಿ ಕೋಲು ಹಿಡಿದು ಎಡಗೈಯ ತೋರುಬೆರಳನ್ನು ಗಾಳಿಗೆ ಬಿಟ್ಟುಕೊಂಡಿದ್ದಳು. ಇಷ್ಟು ವರ್ಷ ಯಾರೂ ಮುಟ್ಟದ ಆ ಪದ ಚುಚ್ಚಿದ್ದ ಜಾಗದಲ್ಲಿ ಬೆರಳು ಇನ್ನೂ ಚುರುಚುರು ಎನ್ನುತ್ತಿತ್ತು.